ಲಂಕೆಯಿಂದ ಬಂದವನ ಜೀಪು

ವನಗೂರಿನ ಏರುದಾರಿಯ ತಿರುವಿನಲ್ಲಿ ಜೀಪು ನಿಲ್ಲುತ್ತದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಡ್‌ಲೈಟ್‌ನ ಬೆಳಕು ಮಂಜಿನಲ್ಲಿ ಸ್ವಲ್ಪ ದೂರ ಹೋಗಿ ಕರಗುತ್ತಿದೆ. ವಸಂತಣ್ಣ ಎಂಜಿನ್ ಆಫ್ ಮಾಡಿ, ಹಿಂದೆ ಕುಳಿತ ಹೆಂಗಸರತ್ತ ತಿರುಗುತ್ತಾರೆ. "ಏನಾದ್ರೂ ಕೇಳುಸ್ತಾ ಐತೇನ್ರಮ್ಮಾ?" ಎಲ್ಲರೂ ಉಸಿರು ಬಿಗಿಹಿಡಿದು ಆಲಿಸುತ್ತಾರೆ. ಬಿದಿರು ಮುರಿಯುವ ಸದ್ದು ಬಂದರೆ ಆನೆಯಿದೆ ಎಂದರ್ಥ. ಇವತ್ತು ಸದ್ದಿಲ್ಲ. "ಹೋಗಣ್ಣಾ" ಎಂದು ಒಬ್ಬಾಕೆ ಅವರ ಭುಜ ತಟ್ಟುತ್ತಾಳೆ.

ತೋಟದ ಕೂಲಿಯವರ ಸಾಲುಮನೆಗಳಿಂದ, ಅಂದರೆ ಲೈನ್‌ ಮನೆಗಳಿಂದ, ಕೆಲಸದವರನ್ನು ಕರೆದೊಯ್ಯುವುದು, ಸಂಜೆ ಮತ್ತೆ ತಂದುಬಿಡುವುದು, ನಡುವೆ ಯಾರಿಗಾದರೂ ಜ್ವರ ಬಂದರೆ ಸಕಲೇಶಪುರದ ಆಸ್ಪತ್ರೆಗೆ ಇಳಿಯುವುದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೇ ಅವರ ಕೆಲಸ. ಎಡಗಿವಿ ಮಾತ್ರ ಪೂರ್ತಿ ಕಿವುಡು. ಪಕ್ಕದ ಸೀಟಿನವರು ಕಿರುಚಿಯೇ ಮಾತಾಡಬೇಕು.

ಆ ಕಿವಿ ಹೋದದ್ದು ಶ್ರೀಲಂಕಾದಲ್ಲಿ. ಎಂಬತ್ತರ ದಶಕದ ಕೊನೆಗೆ ಭಾರತ ಅಲ್ಲಿಗೆ ಕಳಿಸಿ, ತಮಿಳು ಬಂಡುಕೋರರೊಂದಿಗೇ ಕಾದಾಡಬೇಕಾಗಿ ಬಂದ ಶಾಂತಿಪಾಲನಾ ಪಡೆಯಲ್ಲಿ ವಸಂತಣ್ಣ ಇಪ್ಪತ್ತೊಂದರ ಸಿಪಾಯಿ. ಜಾಫ್ನಾ ಬಳಿ ರಸ್ತೆಯಲ್ಲಿ ಹುಗಿದಿದ್ದ ಬಾಂಬು ಮುಂದಿನ ಲಾರಿಯಡಿ ಸಿಡಿಯಿತು. ಅದರಲ್ಲಿ ಆಲೂರು ಕಡೆಯ ಗೆಳೆಯ ಜವರಯ್ಯ ಇದ್ದ. "ಅವ್ನು ಅಲ್ಲೇ ಹೋಗ್ಬುಟ್ಟ. ನಂದು ಕಿವಿ ಹೋಯ್ತು, ಅಷ್ಟೇಯ."

ಕಿವಿ ಹೋದವನನ್ನು ಸೇನೆ ಕೆಲಸ ಬಿಡಿಸಿ ಮನೆಗೆ ಕಳಿಸಿತು. ಊರ ಹತ್ತಿರದ ಬಾಳ್ಳುಪೇಟೆಯ ಹೋಟೆಲಿನಲ್ಲಿ ಆಗ ಇದೇ ಜಗಳ. ಯಾರದೋ ಮನೆ ಕಿತ್ತಾಟಕ್ಕೆ ನಮ್ಮ ಹುಡುಗರು ಯಾಕೆ ಸಾಯಬೇಕು ಎಂದು ಒಂದು ಗುಂಪು, ಹಾಗೆ ಕೇಳುವವರು ದೇಶದ್ರೋಹಿಗಳು ಎಂದು ಇನ್ನೊಂದು. "ಇಬ್ರೂ ನನ್ ಮುಂದೇನೇ ಕೂಗಾಡೋರು ಕಣ್ರೀ. 'ಅಲ್ಲಿ ಏನಾಯ್ತು ಮಾರಾಯ' ಅಂತ ಒಬ್ರೂ ಕೇಳ್ಲಿಲ್ಲ."

ವನಗೂರಿನ ಎಸ್ಟೇಟಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಲೈನಿನಲ್ಲಿ ಇದ್ದವರೆಲ್ಲ ತಮಿಳು ಕುಟುಂಬಗಳು. ಕೆಲವರು ಲಂಕೆಯ ಟೀ ತೋಟ ಬಿಟ್ಟು ಬಂದವರು. ಪಂಜಾಬಿನಲ್ಲಿದ್ದೆ ಎಂದು ಹೇಳಿಬಿಡು ಎಂದು ತೋಟದ ಲೆಕ್ಕ ಬರೆಯುವ ರೈಟರ್ ಬುದ್ಧಿ ಹೇಳಿದರು. ವಸಂತಣ್ಣ ಆ ಸುಳ್ಳು ಹೇಳಲಿಲ್ಲ. ಸುದ್ದಿ ಹರಡಿತು. ಮರುದಿನ ಜೀಪಿಗೆ ಒಬ್ಬರೂ ಹತ್ತಲಿಲ್ಲ. ಎಲ್ಲರೂ ನಡೆದೇ ಹೋದರು.

ಅಂದು ಸಂಜೆ ಪೇಚಿಯಮ್ಮ ಎಂಬ ಕೆಲಸದಾಕೆ ಸ್ಟೋರ್ ಮುಂದೆ ಅವರನ್ನು ತಡೆದು ನಿಲ್ಲಿಸಿದರು. ಲಂಕೆಯಲ್ಲೇ ಉಳಿದಿದ್ದ ಆಕೆಯ ತಮ್ಮ ಜಾಫ್ನಾ ಹತ್ತಿರ ಗುಂಡಿಗೆ ಬಲಿಯಾಗಿದ್ದ. "ನನ್ನ ತಮ್ಮನ್ನ ಗುಂಡು ಹೊಡೆದು ಕೊಂದಿದ್ದು ನೀನಾ?" ಎಂದು ನೇರವಾಗಿ ಕೇಳಿದರು.

"ಗೊತ್ತಿಲ್ಲ ಕಣಮ್ಮ ಅಂದೆ. ತಾಳೆತೋಪಿನ ಕಡೆಯಿಂದ ಗುಂಡು ಬರೋದು, ನಾವೂ ಆ ಕಡೆ ಹೊಡೆಯೋವು. ಯಾರಿದ್ರೋ, ಯಾರು ಬಿದ್ರೋ!"

ಪೇಚಿಯಮ್ಮ ಹೊರಟುಹೋದರು. ಆ ಮಳೆಗಾಲವಿಡೀ ಹೆಂಗಸರು ನಡೆದರು, ವಸಂತಣ್ಣ ಖಾಲಿ ಜೀಪನ್ನು ಅವರ ಹಿಂದೆಯೇ ನಿಧಾನವಾಗಿ ಓಡಿಸಿದರು. "ಸುಸ್ತಾದೋರು ಯಾರಾದ್ರೂ ಹತ್ಲಿ ಅಂತ." ಒಂದು ಬೆಳಿಗ್ಗೆ, ಮಳೆ ನಿಂತ ಮೇಲೆ, ಪೇಚಿಯಮ್ಮ ಕೊಡೆ ಮಡಚಿ ಮುಂದಿನ ಸೀಟಿಗೆ ಬಂದು ಕುಳಿತರು. ಉಳಿದವರೂ ಹತ್ತಿದರು.

ಈಗ ಎಂಬತ್ತು ದಾಟಿರುವ ಪೇಚಿಯಮ್ಮ ಲೈನ್ ಮನೆಯ ಜಗುಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಹೇಳುತ್ತಾರೆ: "'ನಾನಲ್ಲ' ಅಂದಿದ್ರೆ ಯಾರು ಹೋಗಿ ನೋಡ್ತಿದ್ರು? ಇವನು ಗೊತ್ತಿಲ್ಲ ಅಂದ. ಸಿಟ್ಟು ಹೋಗ್ಲಿಲ್ಲ. ಆದ್ರೆ ಸುಳ್ಳು ಹೇಳದವನ ಪಕ್ಕ ಸಿಟ್ಟಿಟ್ಕೊಂಡೂ ಕೂತ್ಕೋಬಹುದು."

ಆ ಮಳೆಗಾಲದ ಕೆಲವು ವರ್ಷಗಳ ಬಳಿಕ ಪೇಚಿಯಮ್ಮನ ಮಗಳು ಸೆಲ್ವಿಯ ಮದುವೆ ಬಂತು. ವಧುವಿಗೆ ಸೋದರಮಾವ ಹಾರ ಹಾಕಬೇಕು. ಆ ಜಾಗ ಖಾಲಿ. ಚಪ್ಪರದ ಹೊರಗೆ ಜೀಪಿಗೆ ಒರಗಿ ನಿಂತಿದ್ದ ವಸಂತಣ್ಣನನ್ನು ಪೇಚಿಯಮ್ಮ ಕೂಗಿದರು. "'ನಾನ್ ಬೇಡಮ್ಮ' ಅಂದೆ. 'ಎಲ್ಲಾ ಮರ್ತಿದೀನಿ ಅಂತ ಅಲ್ಲ, ಮುಹೂರ್ತ ಮೀರುತ್ತೆ, ಬಾ' ಅಂತ ಗದರಿದ್ರು." ಹೇಳುತ್ತಾ ವಸಂತಣ್ಣ ಜೋರಾಗಿ ನಗುತ್ತಾರೆ, ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ. ಸೆಲ್ವಿಯ ಮಕ್ಕಳಿಗೆ ಇಂದಿಗೂ ಅವರು ಜೀಪು ತಾತ. ಹಬ್ಬಕ್ಕೆ ಬಂದಾಗ ಆ ಮಕ್ಕಳ ಊಟ ವಸಂತಣ್ಣನ ಮನೆಯಲ್ಲೇ.

ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ವಸಂತಣ್ಣನನ್ನು ಕೇಳುತ್ತೇನೆ. ಅವರು ಹೇಳುತ್ತಾರೆ:

"ಒಂದ್ಸಲ ಜಾಫ್ನಾ ನೋಡ್ಬೇಕು. ಬಂದೂಕಿಲ್ದೆ, ಬರಿಗೈಲಿ. ಆಗ ನಮ್ಮನ್ನ ಕಂಡೇಟಿಗೆ ಬಾಗ್ಲು ಹಾಕ್ಕಳೋರು. ಈಗ ಹೋದ್ರೆ ಯಾವ್ದಾದ್ರೂ ಮನೆಯೋರು 'ಬನ್ನಿ, ಕೂತ್ಕಳಿ' ಅಂತಾರಾ ಅಂತ ನೋಡ್ಬೇಕು ಕಣ್ರೀ. ಹಂಗಂದ್ರೆ ಕೂತ್ಕಂಡು ಒಂದ್ ಲೋಟ ಟೀ ಕುಡ್ದು ಬರ್ತೀನಿ."