ಮೊದಲ ಸೂಜಿ ಸಾಹೇಬರಿಗೆ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ದೊಡ್ಡಬಳ್ಳಾಪುರ ತಾಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆ ಬೇಸಿಗೆಯಲ್ಲಿ ಕೆರೆಯಾಚೆಯ ಹಳ್ಳಿಯಿಂದ ಕಾಲರಾ ಹಿಡಿದ ಒಂದು ಮಗುವನ್ನು ಎತ್ತಿ ತಂದರು. ಮಗು ಬದುಕಿತು. ಆದರೆ ಅದರ ಗುಳಿಬಿದ್ದ ಕಣ್ಣುಗಳನ್ನು ನನಗೆ ಮರೆಯಲಾಗಲಿಲ್ಲ. ಕೆರೆಯ ಈಚೆಯ ಊರಿಗಾದರೂ ಬೇಗ ಚುಚ್ಚುಮದ್ದು ಹಾಕಿ ಮುಗಿಸಬೇಕು ಎಂಬುದೊಂದೇ ತಲೆಯಲ್ಲಿತ್ತು.

ನನಗೆ ಡಾಕ್ಟರು ಅಂದೇ ಹಾಕಿದ್ದರು. ಊರಿಗೆ ಹಾಕಲು ಜೊತೆಗೆ ಹೊರಟವರು ಮಾತ್ರ ಹಾಕಿಸಿಕೊಂಡಿರಲಿಲ್ಲ. "ಜ್ವರ ಬಂದು ಮಲಗಿದ್ರೆ ಹಳ್ಳಿ ಸುತ್ತೋರ್ಯಾರು?" ಎನ್ನುತ್ತಿದ್ದರು ಹೆಲ್ತ್ ಇನ್‌ಸ್ಪೆಕ್ಟರು. "ದಿನಾ ಔಷಧಿ ವಾಸ್ನೆ ಕುಡ್ಯೋನು ನಾನು, ನನ್ ಹತ್ರ ಕಾಲರಾ ಬರುತ್ತಾ?" ಎನ್ನುತ್ತಿದ್ದರು ಕಾಂಪೌಂಡರು. ನಿಜವಾದ ಕಾರಣ ಬೇರೆ. ಆಗ ಸೂಜಿಗಳನ್ನು ಕುದಿಸಿ, ಮೊಂಡಾದರೆ ಕಲ್ಲಿನ ಮೇಲೆ ಮಸೆದು, ಮತ್ತೆ ಬಳಸುತ್ತಿದ್ದೆವು. ಮಸೆಯುವವರು ಕಾಂಪೌಂಡರೇ. ಅವು ಎಷ್ಟು ಮೊಂಡೆಂದು ಇಬ್ಬರಿಗೂ ಗೊತ್ತಿತ್ತು.

ಊರಿನ ಮೊದಲ ಬೀದಿಯಲ್ಲಿ, ಜಗಲಿಯ ಮೇಲಿದ್ದ ಅಜ್ಜಿ ನಮ್ಮನ್ನು ನೋಡಿ ಸೆರಗು ಬಿಗಿದುಕೊಂಡರು. ಅವರು ಒಲ್ಲೆನೆಂದರೆ ಆ ಬೀದಿಯಲ್ಲಿ ಯಾರೂ ತೋಳು ಕೊಡುತ್ತಿರಲಿಲ್ಲ.

"ನಮ್ಮನೇಲಿ ಮಗೀಗೆ ಕಷಾಯ ಕುಡ್ಸೋಳು ಮೊದ್ಲು ತಾನೊಂದು ಗುಟುಕು ಕುಡೀತಾಳೆ. ನಿಮ್ ಸಾಹೇಬ್ರಿಗೆ ಹಾಕವ್ವ, ನೋಡ್ತೀನಿ."

"ನಂಗೆ ಆಗೋಗಿದೆ ಕಣಜ್ಜಿ" ಎಂದರು ಇನ್‌ಸ್ಪೆಕ್ಟರು.

"ಯಾವ ತೋಳಿಗಪ್ಪ?"

ಅವರು ಬಲಗೈ ಎತ್ತಿ ಎಡಗೈ ನೋಡಿಕೊಂಡರು. ಕಾಂಪೌಂಡರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಹೆಂಗಸರೆಲ್ಲ ನಕ್ಕಾಗ ಇನ್‌ಸ್ಪೆಕ್ಟರೂ ಸೋತು ನಕ್ಕರು. ಶರ್ಟಿನ ತೋಳು ಮಡಿಸುತ್ತಾ ನನ್ನ ಕಿವಿಯ ಹತ್ತಿರ ಬಂದು, "ಇವತ್ತು ಮಸೆದಿದ್ದು ಯಾವ್ದಮ್ಮ?" ಎಂದು ಕೇಳಿದರು.

ಅಜ್ಜಿಯ ಕಿವಿ ಚುರುಕು. "ನಂಗೂ ಅದೇ ಸೂಜಿ."

ಚುಚ್ಚಿದೆ. ಇನ್‌ಸ್ಪೆಕ್ಟರು ಕಣ್ಣು ಮುಚ್ಚಿಕೊಂಡಿದ್ದರು. ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಆ ಸೂಜಿ ನಮ್ಮ ಸ್ಟೌವಿನ ಮೇಲೆ ಮತ್ತೆ ಕುದಿಯುವವರೆಗೂ ಕಾದು ತೋಳು ಕೊಟ್ಟರು. ಅವರ ಹಿಂದೆ ಸೊಸೆಯಂದಿರು ಬಂದರು, ಆಮೇಲೆ ಇಡೀ ಬೀದಿ.

ಮರುದಿನ ಇನ್‌ಸ್ಪೆಕ್ಟರಿಗೆ ಜ್ವರ ಬಂತು. ಅಜ್ಜಿಗೂ ಬಂದಿತ್ತು, ಆದರೂ ತಮಗೆಂದು ಕಾಸಿದ ರಾಗಿ ಗಂಜಿಯಲ್ಲಿ ಒಂದು ಚೊಂಬು ಸಾಹೇಬರಿಗೆ ಕಳಿಸಿದ್ದರು. ಕಾಲರಾ ಆ ಊರಿಗೆ ಬರಲಿಲ್ಲ. ಸೂಜಿಯಿಂದಲೋ, ಬಾವಿಗೆ ಹಾಕಿದ ಬ್ಲೀಚಿಂಗ್ ಪುಡಿಯಿಂದಲೋ, ನಾನು ಹೇಳಲಾರೆ.

ಗಂಜಿ ಬಂದ ದಿನವೇ ಕಾಂಪೌಂಡರು ಒಂದು ಸೂಜಿ ಹಿಡಿದು ನನ್ನೆದುರು ಬಂದು ಕುಳಿತರು. "ಇದು ನಂಗೇ ಅಂತ ಮಸ್ದಿದೀನಮ್ಮ. ಬೇಗ ಹಾಕ್ಬಿಡಿ."

ಹಾಕಿದ ಮೇಲೆ ತೋಳು ಉಜ್ಜಿಕೊಂಡರು. ನಂತರ ತಟ್ಟೆಯಲ್ಲಿದ್ದ ಮಿಕ್ಕ ಸೂಜಿಗಳನ್ನೆಲ್ಲ ಎತ್ತಿಕೊಂಡು ಮಸೆಯುವ ಕಲ್ಲಿನ ಕಡೆ ಹೋದರು.