ತಂಬೂರಿಯವಳು ಜಾಝ್ ಕೇಳಿದ್ದು

ಮೂವತ್ತು ವರ್ಷ ನಾನು ತಮ್ಮನ ಬೆನ್ನು ನೋಡಿದ್ದೇನೆ. ಅವನು ಹಾಡುತ್ತಾನೆ, ನಾನು ಹಿಂದೆ ಕೂತು ತಂಬೂರಿ ಮೀಟುತ್ತೇನೆ. ಅವನ ಜುಬ್ಬದ ಹೊಲಿಗೆ ಎಲ್ಲಿ ಬಿಚ್ಚಿದೆ, ಕುತ್ತಿಗೆಯ ಕೂದಲು ಯಾವಾಗ ಬೆಳ್ಳಗಾಯಿತು, ಎಲ್ಲ ನನಗೆ ಗೊತ್ತು. ನನ್ನ ಕಂಠ ಹೇಗಿದೆಯೆಂದು ಮಾತ್ರ ಕುಂದಗೋಳದಲ್ಲಿ ಯಾರಿಗೂ ಗೊತ್ತಿಲ್ಲ.

ಮೊದಲು ಕಲಿತವಳು ನಾನೇ. ಮನೆಯಲ್ಲೇ ಸಂಗೀತ ಪಾಠ ಹೇಳುತ್ತಿದ್ದ ಅಪ್ಪ, ನನಗೆ ಹದಿನಾಲ್ಕು ತುಂಬಿದಾಗ ಹತ್ತು ಮಂದಿ ಹಿರಿಯರ ಮುಂದೆ ಹಾಡಿಸಿದರು. ಏಕತಾಲ, ಹನ್ನೆರಡು ಮಾತ್ರೆ. ಸುತ್ತು ಮುಗಿಸಿ ಮತ್ತೆ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಸರಿಯಾಗಿ ಬಂದು ಮುಟ್ಟಬೇಕು. ಹೆದರಿ ಒಂದು ಮಾತ್ರೆ ಮೊದಲೇ ಮುಟ್ಟಿದೆ. ಅಪ್ಪ ಕೈ ಎತ್ತಿ ತಬಲಾ ನಿಲ್ಲಿಸಿದರು. "ಈಕಿಗೆ ಸಮ್ ಸಿಗೂದಿಲ್ಲ ಬಿಡ್ರಿ. ತಂಬೂರಿ ಹಿಡೀಲಿ, ಸಾಕು." ಮಂದಿ ನಕ್ಕರು. ಮರುದಿನದಿಂದ ಪಾಠ ತಮ್ಮನಿಗೆ. ಒಂದೇ ಒಂದು ಮಾತ್ರೆ! ಅದಕ್ಕೆ ಜನ್ಮವಿಡೀ ಬಾಯಿ ಹೊಲಿಯುವ ನ್ಯಾಯ ಯಾವ ಕೋರ್ಟಿನಲ್ಲಿದೆಯೋ ನಾ ಕಾಣೆ.

ಆಮೇಲೆ ನಮ್ಮ ಸಂಗೀತವನ್ನು ಸುಖವಾಗಿ ಕೇಳಲು ನನ್ನಿಂದ ಆಗಲೇ ಇಲ್ಲ. ಯಾರು ಹಾಡಿದರೂ ಕಣ್ಣೆದುರು ಅಪ್ಪನ ಕೈ. ಹೋದ ವರ್ಷ ನಾನು ಕೆಲಸ ಮಾಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡಾಗ ಇಂಗ್ಲಿಷ್ ಕಲಿಸುವ ಅಕ್ಕೋರು ನಕ್ಕು, "ಜಾಝ್ ಕೇಳ್ರಿ. ಅಲ್ಲಿ ನಿಮ್ಮಪ್ಪ ಬರೂದಿಲ್ಲ" ಎಂದರು.

"ಎಲ್ಲಿಂದ ಶುರು ಮಾಡ್ಲೆರಿ?"

"ಮೊದಲ ಸ್ವಿಂಗ್. ಕುಣಿಯೋ ಮಂದಿಗಂತ ಬಾರಿಸಿದ್ದು. ಆಮ್ಯಾಲೆ ಬ್ಲೂಸ್, ಅದು ಹನ್ನೆರಡರ ಸುತ್ತು. ರುಚಿ ಹತ್ತಿದ ಮ್ಯಾಲೆ ಮೂರ ಮಂದಿ ಕೂಡಿ ಬಾರಸೂದು ಕೇಳ್ರಿ. ಅಗದಿ ಅವಸರದ್ದು ಈಗ ಬ್ಯಾಡ."

ಸ್ವಿಂಗ್ ನನಗೆ ಮದುವೆ ಬ್ಯಾಂಡಿನ ಹಾಗೆ ಕೇಳಿತು, ಬಿಟ್ಟೆ. ಬ್ಲೂಸ್ ಹನ್ನೆರಡರ ಸುತ್ತಲ್ಲವೇ, ಓಹೋ ಏಕತಾಲ ಎಂದುಕೊಂಡು ತಂಬೂರಿ ತಂದು ಅದರ ಷಡ್ಜಕ್ಕೆ ತಂತಿ ಕೂಡಿಸಿದೆ. ಕೂಡಿಸಿದೆನೋ ಇಲ್ಲವೋ, ಷಡ್ಜವೇ ಎದ್ದು ಬೇರೆ ಕಡೆ ಹೋಗಿ ಕೂತಿತು. ಬೆರಳ ಮೇಲೆ ಹನ್ನೆರಡು ಎಣಿಸಿದರೆ ಸಮ್ ಇಲ್ಲ. ಸುಡುಗಾಡು, ಇವರಿಗೂ ಸಮ್ ಸಿಗುವುದಿಲ್ಲ ಎಂದು ಬೈದೆ. ಬೈಯುವಾಗ ಬಾಯಲ್ಲಿ ಬಂದದ್ದು ಅಪ್ಪನ ಮಾತೇ ಎಂದು ಹೊಳೆದು ಮೈ ಉರಿಯಿತು. ವಾರದ ಮೇಲೆ ಅಕ್ಕೋರು ಬಿಡಿಸಿ ಹೇಳಿದರು: ಹನ್ನೆರಡು ಎಂದರೆ ಮಾತ್ರೆಯಲ್ಲ, ಮನೆ. ಒಂದೊಂದು ಮನೆಯಲ್ಲಿ ನಾಲ್ಕು ಮಾತ್ರೆ. ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ಫೋನ್ ಕಿವಿಗೆ ಹಚ್ಚಿ ನಲವತ್ತೆಂಟು ಎಣಿಸಿದೆ. ಸಮ್ ತಾನಾಗಿ ಬಂದು ಕೈಗೆ ಕೂತಿತು. ಅಲ್ಲೇ ಕೂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಕೊನೆಗೆ ಮೂರು ಮಂದಿ ಕೂಡಿ ಬಾರಿಸಿದ ಒಂದು ಬ್ಲೂಸ್ ಫೋನಿನಲ್ಲಿ ನೋಡಿದೆ. ಪಿಯಾನೊ, ಡ್ರಮ್ಸ್, ಇವರ ನಡುವೆ ಹಿಂದಕ್ಕೆ ನಿಂತು ಆಳೆತ್ತರದ ಪಿಟೀಲನ್ನು ಬೆರಳಿನಿಂದ ಮೀಟುವ ಒಬ್ಬ ದಪ್ಪ ಮನುಷ್ಯ. ಬಾಸ್ ಅಂತಾರೆ ಅದಕ್ಕೆ. ನನ್ನ ಜಾತಿಯವನು ಅಂದುಕೊಂಡೆ. ಅರ್ಧ ದಾರಿಯಲ್ಲಿ ಪಿಯಾನೊದವ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಡ್ರಮ್ಸ್ ಪಿಸುಗುಟ್ಟಿತು. ದಪ್ಪ ಮನುಷ್ಯ ಕಣ್ಣು ಮುಚ್ಚಿ ಎರಡು ಸುತ್ತು ಒಬ್ಬನೇ ಬಾರಿಸಿದ, ಮಂದಿ ಚಪ್ಪಾಳೆ ತಟ್ಟಿದರು. ಅಲ್ಲಿ ಅದು ರೂಢಿಯಂತೆ, ಎಲ್ಲರಿಗೂ ಸರದಿ. ಅವತ್ತಿನಿಂದ ನನಗೂ ಒಂದು ಸರದಿ ಬೇಕೆನ್ನಿಸಿತು.

ಮಿಶ್ರಿಕೋಟಿಯಲ್ಲಿ ತಮ್ಮನ ಬೈಠಕ್ಕಿತ್ತು. ನಾವೆಲ್ಲ ಒಂದೇ ಮನೆಯಲ್ಲಿರುವವರು. ಹಿಂದಿನ ದಿನ ಕೇಳಿಯೇಬಿಟ್ಟೆ, "ನಡುವ ಒಂದೆರಡು ಸುತ್ತು ನಾ ಹಾಡ್ಲೇನು?"

ಅವನು ಚಹಾ ಕುಡಿಯುತ್ತಿದ್ದ, ನಕ್ಕುಬಿಟ್ಟ. "ಅಕ್ಕಾ, ಚಾಷ್ಟಿ ಮಾಡಬ್ಯಾಡ. ಮಂದಿ ಏನಂದಾರು?"

"ಹಂಗಾರ ನಾ ಬರೂದಿಲ್ಲ."

ಬೇಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ, ಹುಚ್ಚಿ. "ಇರ್ಲಿ ಬಿಡು" ಎಂದ, "ಫೋನಿನ್ಯಾಗ ತಂಬೂರಿ ಐತಿ."

ಮರುದಿನ ಸಂಜೆ ಬೈಠಕ್ ಮುಗಿಸಿ ಅಪ್ಪ, ತಮ್ಮ ಇಬ್ಬರೂ ಶಾಲು, ಹಾರ ಹಿಡಿದುಕೊಂಡು ಬಂದರು. ಅಪ್ಪ ಕುರ್ಚಿಯಲ್ಲಿ ಕೂತು ನೀರು ಕುಡಿದು ಹೇಳಿದರು: "ಇವತ್ತ ಶ್ರುತಿ ಅಗದಿ ಬರೋಬ್ಬರಿ ಇತ್ತು ನೋಡು. ಒಂದಿಷ್ಟೂ ಇಳೀಲಿಲ್ಲ." ಹೇಳಿದ್ದು ತಮ್ಮನಿಗೆ. ನಾನು ಅಲ್ಲೇ ನಿಂತಿದ್ದೆ, ಖಾಲಿ ಲೋಟಕ್ಕೆ ಕೈ ಚಾಚಿ.

ಲೋಟ ಇಸಿದುಕೊಳ್ಳಲಿಲ್ಲ. ಒಳಗಿನಿಂದ ಫೋನ್ ತಂದು ಅಪ್ಪನ ಮುಂದಿನ ಸ್ಟೂಲಿನ ಮೇಲಿಟ್ಟು ಆ ಮೂರು ಮಂದಿಯ ಬ್ಲೂಸ್ ಹಚ್ಚಿದೆ, ದೊಡ್ಡ ದನಿಯಲ್ಲಿ.

"ಏನಿದು?" ಅಪ್ಪ ಹುಬ್ಬು ಗಂಟಿಕ್ಕಿದರು.

"ಹನ್ನೆರಡರ ಸುತ್ತು. ಹಿಂದ ನಿಂತಾಂವ ಬಾರಸ್ತಾನ, ಕೇಳ್ರಿ. ಮುಗಿಯೂತನಕಾ ಯಾರೂ ಏಳೂದಿಲ್ಲ." ನನ್ನ ದನಿ ನನಗೇ ಹೊಸದಾಗಿ ಕೇಳಿತು. ತಮ್ಮ ಬಾಗಿಲಲ್ಲೇ ನಿಂತ.

ಹನ್ನೆರಡು ಎಂದದ್ದೇ ತಡ, ಅಪ್ಪನ ಹೆಬ್ಬೆರಳು ತಾನಾಗಿ ಬೆರಳ ಗೆಣ್ಣುಗಳ ಮೇಲೆ ನಡೆಯತೊಡಗಿತು. ಏಕತಾಲ. ಹನ್ನೆರಡು ಮುಗಿಸಿ ಸಮ್‌ಗೆಂದು ತೊಡೆಯ ಮೇಲೆ ತಟ್ಟಿದರು. ಅಲ್ಲಿ ಸಮ್ ಇರಲಿಲ್ಲ. ಮತ್ತೆ ಎಣಿಸಿದರು, ಮತ್ತೆ ತಪ್ಪಿತು. ಮೂರನೇ ಸಲ ತಪ್ಪಿದಾಗ ತಲೆಯೆತ್ತಿ ನನ್ನ ಮುಖ ನೋಡಿದರು.

ಎಲ್ಲಿ ತಪ್ಪುತ್ತಿದೆ ಎಂದು ನಾನು ಹೇಳಲಿಲ್ಲ.