ಹೂಮಳೆಗೆ ಮೊದಲು ತೋಡಬೇಕಿದ್ದ ಗುಂಡಿ

ಕಡುಬಿಗೆಂದು ಅಕ್ಕಿತರಿ ಕೇರುತ್ತಾ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದೆ. ಎಸ್ಟೇಟ್ ಲೈನಿನ ಪುಟ್ಟಿ ಕೊಡ ಹೊತ್ತು ಬಂದವಳು ಅದನ್ನು ನನ್ನ ಮುಂದೆಯೇ ಬಗ್ಗಿಸಿದಳು. ಕಪ್ಪು ನೀರು, ಹುಳಿತ ಕಲಗಚ್ಚಿನ ವಾಸನೆ.

"ಅವ್ವಾರೇ, ನಮ್ಮ ಒರತೆ ನೀರು ನೋಡಿ. ಮಗು ನಿನ್ನೆಯಿಂದ ಕಾರ್ತಾ ಅದೆ. ಭೇದಿ ನಿಲ್ತಾನೇ ಇಲ್ಲ."

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕೊಡ್ಲಿಪೇಟೆ ಕಡೆಯ ನಮ್ಮೂರ ಪಂಚಾಯಿತಿಯಲ್ಲಿ ಹೆಂಗಸರಿಗೆಂದು ಇಟ್ಟ ಸ್ಥಾನದಲ್ಲಿ ನನ್ನನ್ನು ಕೂರಿಸಿದ್ದರು. ಮನೆಗೆಲಸ ಬಿಟ್ಟರೆ ನಾನು ಮಾಡಿದ ಉದ್ಯೋಗ ಅದೊಂದೇ. ಚೇರ್ಮನ್ ಮಲ್ಲಪ್ಪ ನಮ್ಮವರ ಚಿಕ್ಕಪ್ಪನ ಮಗ, ನನಗೆ ಮೈದುನ. ಪುಟ್ಟಿಯಂಥ ಆಳುಗಳು ವಾಸವಿದ್ದ ಸಾಲುಮನೆ, ಅಂದರೆ ಲೈನ್, ಇದ್ದದ್ದು ಅವನ ಎಸ್ಟೇಟಿನಲ್ಲೇ.

ನೀರು ಕಪ್ಪಾದದ್ದು ಹೇಗೆಂದು ತಿಳಿಯದವರಿಗೆ ಹೇಳಬೇಕು. ಕಾಫಿ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಬೀಜ ಬಿಡಿಸಿದರೆ ರಾಶಿಗಟ್ಟಲೆ ಸಿಪ್ಪೆ ಉಳಿಯುತ್ತದೆ. ಪಲ್ಪರ್ ಮನೆಯ ಹಿಂದೆ ಅದು ಕೊಳೆಯುತ್ತಾ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಗಿಡಕ್ಕೆ ಹೂ ಬಿಡಿಸುವ ಮಳೆ ಬಂದರೆ ನಾವೆಲ್ಲ ದೇವರಿಗೆ ಕಾಯಿ ಒಡೆಯುತ್ತೇವೆ. ಅದೇ ಹೂಮಳೆ ಸಿಪ್ಪೆಯ ಕೊಳೆರಸವನ್ನು ತೊಳೆದು ಹಳ್ಳಕ್ಕೆ ಇಳಿಸುತ್ತದೆ. ಹಳ್ಳದ ಮರಳು ಬಗೆದು ಮಾಡಿಕೊಂಡ ಒರತೆಯೇ ಲೈನಿನವರಿಗೆ ಕುಡಿಯುವ ನೀರು.

ಹೆಲ್ತ್ ಇನ್ಸ್‌ಪೆಕ್ಟರ್ ಬಂದು ಎಚ್ಚರಿಸಿದ ಮೇಲೆ ನಾವೊಂದು ಠರಾವು ಮಾಡಿದ್ದೆವು. ಹೂಮಳೆಗೆ ಮೊದಲೇ ಸಿಪ್ಪೆ ಗುಂಡಿ ಸೇರಬೇಕು, ಮಳೆನೀರು ರಾಶಿಗೆ ನುಗ್ಗದಂತೆ ಸುತ್ತ ಚರಂಡಿ ತೆಗೆಯಬೇಕು, ತಪ್ಪಿದವರಿಗೆ ಪಂಚಾಯಿತಿ ನೋಟಿಸ್. ಆದರೆ ನಮ್ಮ ಕಡೆ ಗುಂಡಿ ತೋಡುವ ರೂಢಿಯೇ ಹೂಮಳೆ ಆದ ಮೇಲೆ. ಅಲ್ಲಿಯವರೆಗೆ ನೆಲ ಬಂಡೆಯಂತಿರುತ್ತದೆ. ಠರಾವಿಗೆ ಕೈಯೆತ್ತಿದವರೆಲ್ಲ ಮನೆಗೆ ಹೋಗಿ ಮಳೆ ಕಾದರು.

ಮುಂದಿನ ಸಭೆಯಲ್ಲಿ, ನಿಮ್ಮ ಎಸ್ಟೇಟಿನ ಗುಂಡಿ ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಮಲ್ಲಪ್ಪ, "ಒಣ ನೆಲಕ್ಕೆ ಗುದ್ದಲಿ ಇಳಿಯಲ್ಲ ಅತ್ತಿಗೆ. ಒಂದ್ ಮಳೆ ಬೀಳ್ಲಿ" ಎಂದ.

"ಆ ಒಂದು ಮಳೆಗೇ ಅಲ್ವಾ ಠರಾವು ಮಾಡಿದ್ದು? ನಿಮಗೇ ನೋಟಿಸ್ ಕೊಡ್ಬೇಕಾಗ್ತದೆ."

"ಯಾರು ಕೊಡದು? ಸಹಿ ನಂದೇ ಅಲ್ವಾ? ನನಗೆ ನಾನೇ ಕೊಟ್ಕಂಡು, ನಾನೇ ಹೆದರ್ಕಬೇಕಾ?"

ಎಲ್ಲರೂ ನಕ್ಕರು. "ಇವ್ರ ಮನೇಲಿ ಮುದ್ದೆ ಹಾಕಕ್ಕೂ ಠರಾವು ಆಗ್ಬೇಕೇನೋ!" ಎಂದು ಇನ್ನೊಬ್ಬ ಮೆಂಬರು ಸೇರಿಸಿದರು.

ಆಮೇಲೆ ಮಳೆ ಬಿತ್ತು. ಎರಡೇ ದಿನಕ್ಕೆ ಪುಟ್ಟಿ ಆ ಕಪ್ಪು ನೀರಿನ ಕೊಡ ಹೊತ್ತು ನಮ್ಮ ಹಿತ್ತಿಲಿಗೆ ಬಂದಳು.

ಮೊರ ಅಲ್ಲೇ ಬಿಟ್ಟು ಎದ್ದೆ. ನಮ್ಮ ಬಾವಿಯ ಹಗ್ಗವನ್ನು ಲೈನಿನವರು ಮುಟ್ಟುವಂತಿರಲಿಲ್ಲ. ನಾನೇ ಸೇದಿ ಅವಳ ಕೊಡ ತುಂಬಿಸಿದೆ, ಉಪ್ಪು ಹಾಕಿದ ಗಂಜಿತಿಳಿ ಕೊಟ್ಟು ಕಳಿಸಿದೆ. ಅದೇ ನೀರು ಕುಡಿದು ಲೈನಿನಲ್ಲಿ ಕಾಯಿಲೆ ಬಿದ್ದಿದ್ದ ಉಳಿದ ಮಕ್ಕಳು ಚೇತರಿಸಿಕೊಂಡವು. ಅದಕ್ಕೆ ಶಿವನಿಗೆ ಇವತ್ತಿಗೂ ಕೈಮುಗಿಯುತ್ತೇನೆ. ಪುಟ್ಟಿಯ ಮಗಳು ಗೌರಿ, ಇನ್ನೂ ಮಾತು ಕಲಿಯುತ್ತಿದ್ದ ಕೂಸು, ಮರುದಿನ ಬೆಳಕು ಹರಿಯುವಾಗ ಹೋಗಿಬಿಟ್ಟಿತು.

ಅದೇ ಮಧ್ಯಾಹ್ನ ತುರ್ತು ಸಭೆ. ಲೈನಿನ ಹೆಂಗಸರು ಬಟ್ಟೆ ಒಗೆದು ಒರತೆ ಕೆಡಿಸಿದ್ದಾರೆ, ಇನ್ನು ಅಲ್ಲಿ ನೀರು ತೆಗೆಯಕೂಡದು ಎಂದು ಠರಾವಾಯಿತು. ಬೇಡವೆಂದು ಎದ್ದ ಕೈ ನನ್ನದೊಂದೇ. ಮಲ್ಲಪ್ಪ ಸಹಿ ಮಾಡಿದ ಮೊದಲ ನೋಟಿಸ್ ಹೋದದ್ದು ಪುಟ್ಟಿಯ ಗಂಡ ಚಿಕ್ಕನ ಹೆಸರಿಗೆ.

ಸಭೆ ಮುಗಿಸಿ ಮಲ್ಲಪ್ಪನ ಪಲ್ಪರ್ ಮನೆಯ ಪಕ್ಕ ಹಾದು ಬರುವಾಗ ಸಿಪ್ಪೆಗೆ ಗುಂಡಿ ತೋಡುತ್ತಿದ್ದವನು ಚಿಕ್ಕ. ಮಗುವನ್ನು ಮಣ್ಣು ಮಾಡಿ ಬಂದವನು ಇವತ್ತು ಹೇಗೂ ತೋಟಕ್ಕೆ ಹೋಗಿಲ್ಲವಲ್ಲ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವನನ್ನೇ ಹಿಡಿದು ನಿಲ್ಲಿಸಿದ್ದನಂತೆ. ಹಿಂದೆಯೇ ಬಂದ ಮಲ್ಲಪ್ಪ ನಿಂತು ನೋಡಿದ.

"ನೋಡಿ ಅತ್ತಿಗೆ, ಈಗ ಹೆಂಗೆ ಇಳೀತದೆ ಗುದ್ದಲಿ! ನಾನ್ ಹೇಳಿರ್ಲಿಲ್ವಾ?"

ಚಿಕ್ಕ ತಲೆಯೆತ್ತಲಿಲ್ಲ. "ಹೌದು ಬುದ್ಧಿ, ನೆಲ ಮೆತ್ತಗದೆ. ಬೆಳಿಗ್ಗೆನೇ ನೋಡ್ದೆ" ಎಂದ.

ಮಲ್ಲಪ್ಪ ಕೊಡೆ ಬಿಚ್ಚಿಕೊಂಡು ಹೊರಟ.

ಹಳ್ಳದ ಮೇಲಿರುವವನ ಕೈಗೇ ಕಾನೂನು ಕೊಟ್ಟರೆ, ಶಿಕ್ಷೆ ಆಗುವುದು ಕೆಳಗೆ ನೀರು ಕುಡಿಯುವವರಿಗೆ. ಪಂಚಾಯಿತಿ ನನಗೆ ಕಲಿಸಿದ್ದು ಇಷ್ಟು. ಆಮೇಲೆ ಯಾವ ಠರಾವು ಬಂದರೂ, ಇದನ್ನು ಜಾರಿ ಮಾಡುವವನ ಜಾಗ ನೀರಿಗೆ ಮೇಲೋ ಕೆಳಗೋ ಎಂದು ಮೊದಲು ಕೇಳಿದೆ. ನಗುವವರು ನಗುತ್ತಲೇ ಇದ್ದರು.

ಅವತ್ತು ಮನೆಗೆ ಬಂದರೆ ಲೈನಿನ ಹೆಂಗಸರು ಖಾಲಿ ಕೊಡ ಹಿಡಿದು ಹಿತ್ತಿಲಲ್ಲಿ ನಿಂತಿದ್ದರು. ಸೆರಗು ಸಿಕ್ಕಿಸಿ, ಬಾವಿಗೆ ಹಗ್ಗ ಇಳಿಬಿಟ್ಟೆ.